ತಾಯಿಯನ್ನು ದೂಷಿಸುವವರು ತಾಯಿಗೆ ಕೊಟ್ಟದ್ದೇನು?

ಮಕ್ಕಳಲ್ಲಿ ಧಾರ್ಮಿಕ ಪ್ರಜ್ಞೆ ಕುಂದುತ್ತಿದೆ ಎಂಬ ಕಳವಳ ಇಂದು ಮುಸ್ಲಿಮ್ ಸಮುದಾಯದ ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತಿದೆ. ಶುಕ್ರವಾರದ ಪ್ರವಚನದಲ್ಲಿ, ನಿಕಾಹ್ ಸಮಾರಂಭದ ಭಾಷಣದಲ್ಲಿ, ಜಮಾಅತ್‌ನ ವಾರ್ಷಿಕ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾದಾಗಲೆಲ್ಲ ಕೊನೆಗೆ ಹೊರಬೀಳುವ ತೀರ್ಮಾನ ಒಂದೇ: ತಾಯಂದಿರು ತಮ್ಮ ಹೊಣೆಯನ್ನು ಮರೆತಿದ್ದಾರೆ. ತಾಯಿಯ ಮಡಿಲೇ ಮೊದಲ ಪಾಠಶಾಲೆ ಎಂದು ಭಾಷಣಕಾರರು ಹೇಳುತ್ತಾರೆ, ಸಭಿಕರು ತಲೆದೂಗುತ್ತಾರೆ. ಆದರೆ ಆ ಸಭೆಯಲ್ಲಿ ತಾಯಂದಿರೇ ಇರುವುದಿಲ್ಲ. ಆರೋಪಿಯ ಗೈರುಹಾಜರಿಯಲ್ಲಿ ವಿಚಾರಣೆ ನಡೆದು ತೀರ್ಪೂ ಹೊರಬೀಳುತ್ತದೆ. ಬಳಿಕ ಎಲ್ಲರೂ ನೆಮ್ಮದಿಯಿಂದ ಮನೆಗೆ ಮರಳುತ್ತಾರೆ.

ಮಕ್ಕಳ ಎದೆಯಲ್ಲಿ ವಿಶ್ವಾಸದ ಬೀಜ ಬಿತ್ತುವುದರಲ್ಲಿ ತಾಯಿಯ ಪಾತ್ರ ಹಿರಿದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಸ್ವರ್ಗವನ್ನು ತಾಯಿಯ ಪಾದದ ಬಳಿ ತೋರಿಸಿದ ಪ್ರವಾದಿಯವರ(ಸ) ಅನುಯಾಯಿಗಳಿಗೆ ಅದನ್ನು ಬೇರೆಯವರು ಕಲಿಸಿಕೊಡಬೇಕಾಗಿಯೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಒಬ್ಬ ಶಿಕ್ಷಕನನ್ನು ಶಾಲೆಗೆ ನೇಮಿಸುವಾಗ ಆತ ಏನು ಕಲಿತಿದ್ದಾನೆಂದು ನೋಡುತ್ತೇವೆ, ತರಬೇತಿ ಕೊಡುತ್ತೇವೆ, ಪುಸ್ತಕ ಕೊಡುತ್ತೇವೆ, ಕೂರಲು ಜಾಗ ಕೊಡುತ್ತೇವೆ. ಇಷ್ಟೆಲ್ಲ ಕೊಟ್ಟ ಮೇಲೆಯೇ ಫಲಿತಾಂಶ ಕೇಳುತ್ತೇವೆ. ಮೊದಲ ಪಾಠಶಾಲೆಯ ಶಿಕ್ಷಕಿಯೆಂದು ನಾವೇ ಬಣ್ಣಿಸುವ ತಾಯಿಗೆ ಈ ಸಮುದಾಯವು ಇವುಗಳಲ್ಲಿ ಯಾವುದನ್ನು ಕೊಟ್ಟಿದೆ?

ನಮ್ಮದೇ ರಾಜ್ಯದ ಚಾಮರಾಜನಗರ ಜಿಲ್ಲೆಯನ್ನು ಗಮನಿಸೋಣ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಗಡಿ ಜಿಲ್ಲೆಯಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 12.92ರಷ್ಟಿದ್ದರೆ ಈ ಜಿಲ್ಲೆಯಲ್ಲಿ ಸುಮಾರು ಶೇ. 5ರಷ್ಟು ಮಾತ್ರ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದಂತಹ ಪಟ್ಟಣಗಳಲ್ಲಿ ಮೊಹಲ್ಲಾಗಳಿವೆ, ಮಸೀದಿಗಳಿವೆ, ಬಾಂಗ್ ಕೇಳಿಸುತ್ತದೆ. ಪಟ್ಟಣ ಬಿಟ್ಟು ಹಳ್ಳಿಗಳ ಕಡೆ ಹೊರಟರೆ ಸ್ಥಿತಿ ಬೇರೆ. ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಊರೊಂದರಲ್ಲಿ ನೆಲೆಸಿರುವ ಒಂಟಿ ಮುಸ್ಲಿಮ್ ಕುಟುಂಬವನ್ನು ಊಹಿಸಿಕೊಳ್ಳಿ. ಮಗುವಿನ ನೆರೆಹೊರೆ ಕನ್ನಡದ್ದು, ಶಾಲೆ ಕನ್ನಡದ್ದು, ಗೆಳೆಯರ ಹಬ್ಬಗಳು ಬೇರೆ. ಅದರಲ್ಲಿ ದುಃಖಪಡಬೇಕಾದದ್ದು ಏನೂ ಇಲ್ಲ. ಈ ನೆಲದ ಸೌಹಾರ್ದದ ಸೊಬಗೇ ಅದು. ಆದರೆ ಅಂತಹ ಮಗುವಿನ ಕಿವಿಗೆ ಬೀಳುವ ಇಸ್ಲಾಮ್ ಎಂದರೆ ತಾಯಿಯ ನಾಲಗೆಯಿಂದ ಬೀಳುವುದಷ್ಟೇ. ಆ ನಾಲಗೆಯಲ್ಲಿ ಏನಿದೆ ಎಂಬುದರ ಮೇಲೆ ಆ ಮನೆಯ ಮುಂದಿನ ತಲೆಮಾರಿನ ಧಾರ್ಮಿಕ ಬದುಕು ನಿಂತಿದೆ.

ಅದೇ ಜನಗಣತಿಯ ಇನ್ನೊಂದು ಅಂಕಿಯನ್ನೂ ನೋಡಬೇಕು. ಜಿಲ್ಲೆಯ ಸ್ತ್ರೀ ಸಾಕ್ಷರತೆ ಅಂದು ಸುಮಾರು ಶೇ. 55. ಇದು ಎಲ್ಲ ಧರ್ಮ, ಜಾತಿಗಳ ಮಹಿಳೆಯರನ್ನೂ ಒಟ್ಟುಗೂಡಿಸಿದ ಲೆಕ್ಕ. ಅಂದರೆ ಇಂದು ಹದಿಹರೆಯದ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಲ್ಲಿ ಎಷ್ಟೋ ಮಂದಿ ಅಕ್ಷರವಿಲ್ಲದೆ ಅಥವಾ ಅರೆಬರೆ ಅಕ್ಷರದೊಂದಿಗೆ ಈ ಹೊಣೆಯನ್ನು ಹೊತ್ತವರು. ಅವರನ್ನು ವೇದಿಕೆಯ ಮೇಲಿಂದ ಗದರುವುದು ಸುಲಭ. ಅವರು ಬಾಲಕಿಯರಾಗಿದ್ದಾಗ ಜಮಾಅತ್‌ನ ಅಧಿಕಾರ ಯಾರ ಕೈಯಲ್ಲಿತ್ತು, ಅವರಿಗಾಗಿ ಏನನ್ನು ಕಟ್ಟಲಾಯಿತು ಎಂದು ಕೇಳುವುದು ಕಷ್ಟ.

ಮದ್ರಸ ಇದೆಯಲ್ಲ ಎಂದು ಕೆಲವರು ಹೇಳಬಹುದು. ಮುಸ್ಲಿಮರ ಮಕ್ಕಳೆಲ್ಲ ಮದ್ರಸಗಳಲ್ಲಿಯೇ ತುಂಬಿದ್ದಾರೆಂದು ಒಂದು ವರ್ಗದ ಮಾಧ್ಯಮಗಳು ವರ್ಷಗಟ್ಟಲೆ ಹುಯಿಲೆಬ್ಬಿಸಿದವು. 2006ರ ನವೆಂಬರ್‌ನಲ್ಲಿ ಹೊರಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಆ ಸುಳ್ಳನ್ನು ಬಯಲಿಗೆಳೆಯಿತು. ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಕಾಲಿಕ ಮದ್ರಸಗಳಲ್ಲಿ ಕಲಿಯುವವರು ನೂರಕ್ಕೆ ಮೂರು-ನಾಲ್ಕು ಮಂದಿ ಮಾತ್ರ ಎಂದು ಅದು ತೋರಿಸಿತು. ಈ ಅಂಕಿಯನ್ನು ನಾವು ವಿರೋಧಿಗಳ ಬಾಯಿ ಮುಚ್ಚಿಸಲು ಧಾರಾಳವಾಗಿ ಬಳಸಿದೆವು. ಆದರೆ ಆ ಅಂಕಿ ನಮ್ಮನ್ನೂ ಪ್ರಶ್ನಿಸುತ್ತದೆ. ಉಳಿದ ತೊಂಬತ್ತಾರು ಮಕ್ಕಳು ತಮ್ಮ ಧರ್ಮವನ್ನು ಎಲ್ಲಿಂದ ಪಡೆಯಬೇಕು? ಶಾಲೆಗೆ ಮುಂಚೆ ಅಥವಾ ಸಂಜೆ ಸಿಗುವ ಒಂದು ಗಂಟೆಯ ಮಕ್ತಬ್‌ನಿಂದ, ಮತ್ತು ಮನೆಯಿಂದ. ಆ ಒಂದು ಗಂಟೆಯಲ್ಲಿ ಮಗು ಅಕ್ಷರಗಳನ್ನು ಉಚ್ಚರಿಸಲು ಕಲಿಯುತ್ತದೆ, ಕೆಲವು ಸೂರಃಗಳನ್ನು ಕಂಠಪಾಠ ಮಾಡುತ್ತದೆ. ಅವುಗಳ ಅರ್ಥವನ್ನು, ಆ ಅರ್ಥವು ಅಂಗಡಿಯಲ್ಲಿ, ಆಟದ ಬಯಲಿನಲ್ಲಿ, ಜಗಳದಲ್ಲಿ ಹೇಗಿರಬೇಕೆಂಬುದನ್ನು ಮನೆಯೇ ಕಲಿಸಬೇಕು.

ತಾಯಿ ಈ ಕೆಲಸವನ್ನು ಮಾಡಬಲ್ಲಳೇ ಎಂಬುದಕ್ಕೆ ಇತಿಹಾಸ ಉತ್ತರ ನೀಡಿದೆ. ಮದೀನಾದ ಉಮ್ಮು ಸುಲೈಮ್(ರ) ಇಸ್ಲಾಮ್ ಸ್ವೀಕರಿಸಿದಾಗ ಅವರ ಪತಿ ಮಾಲಿಕ್ ಅದಕ್ಕೆ ವಿರೋಧಿಯಾಗಿದ್ದರು. ಆದರೂ ಮಾತು ಕಲಿಯುತ್ತಿದ್ದ ಮಗ ಅನಸ್‌ಗೆ ಅವರು ಸತ್ಯಸಾಕ್ಷ್ಯದ ವಚನವನ್ನು ಹೇಳಿಕೊಟ್ಟರು. ಮಗನನ್ನು ಕೆಡಿಸುತ್ತಿದ್ದೀ ಎಂಬ ಪತಿಯ ಆಕ್ಷೇಪಕ್ಕೆ ಜಗ್ಗಲಿಲ್ಲ. ವಿಧವೆಯಾದ ಬಳಿಕ ಅಬೂ ತಲ್ಹಾ ವಿವಾಹ ಪ್ರಸ್ತಾಪ ತಂದಾಗ ಅವರು ಚಿನ್ನ ಬೆಳ್ಳಿ ಕೇಳಲಿಲ್ಲ. ಅಬೂ ತಲ್ಹಾ ಇಸ್ಲಾಮ್ ಸ್ವೀಕರಿಸುವುದನ್ನೇ ಮಹ್ರ್ ಆಗಿ ಪಡೆದರು. ಹತ್ತು ವರ್ಷದ ಮಗನನ್ನು ಪ್ರವಾದಿಯವರ(ಸ) ಸೇವೆಗೆ ಒಪ್ಪಿಸಿದರು. ಆ ಬಾಲಕ ಅನಸ್ ಬಿನ್ ಮಾಲಿಕ್(ರ) ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳನ್ನು ಜಗತ್ತಿಗೆ ತಲುಪಿಸಿದರು. ಈ ಘಟನೆಯನ್ನು ನಮ್ಮ ಭಾಷಣಕಾರರು ಅರ್ಧ ಮಾತ್ರ ಹೇಳುತ್ತಾರೆ. ಉಮ್ಮು ಸುಲೈಮ್(ರ) ಪ್ರವಾದಿಯವರ(ಸ) ಬಳಿಗೆ ನೇರವಾಗಿ ಹೋಗಿ, ಹೆಣ್ಣಿಗೆ ಕೇಳಲು ನಾಚಿಕೆಯಾಗುವಂತಹ ಪ್ರಶ್ನೆಗಳನ್ನೂ ಕೇಳಿ, ಉತ್ತರ ಪಡೆದು ಹೋಗುತ್ತಿದ್ದ ಮಹಿಳೆ ಎಂಬ ಇನ್ನರ್ಧವನ್ನು ನುಂಗಿಬಿಡುತ್ತಾರೆ. ಅವರು ಕಲಿಸಿದರು, ಏಕೆಂದರೆ ಕಲಿಯಲು ಅವರಿಗೆ ಬಾಗಿಲು ತೆರೆದಿತ್ತು.

ಆ ಬಾಗಿಲನ್ನು ತೆರೆದವರು ಪ್ರವಾದಿಯವರೇ(ಸ). ಪುರುಷರು ತಮ್ಮ ಸಮಯವನ್ನೆಲ್ಲ ಆಕ್ರಮಿಸಿಕೊಂಡಿದ್ದಾರೆ, ನಮಗೊಂದು ದಿನ ನಿಗದಿಪಡಿಸಿ ಎಂದು ಮಹಿಳೆಯರು ಬೇಡಿಕೆಯಿಟ್ಟಾಗ ಅವರು ಪ್ರತ್ಯೇಕ ದಿನವನ್ನೇ ನಿಗದಿಪಡಿಸಿದರು. ಅಲ್ಲಾಹನ ದಾಸಿಯರನ್ನು ಮಸೀದಿಗಳಿಂದ ತಡೆಯಬಾರದೆಂದು ಆದೇಶಿಸಿದರು. ನಮಾಝ್‌ನ ನಡುವೆ ಮಗುವಿನ ಅಳು ಕೇಳಿಸಿದರೆ ತಾಯಿಗೆ ಕಷ್ಟವಾಗುತ್ತದೆಂದು ನಮಾಝನ್ನು ಚಿಕ್ಕದಾಗಿಸುತ್ತಿದ್ದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಇದರ ಅರ್ಥವೇನು? ಆ ಮಸೀದಿಯಲ್ಲಿ ತಾಯಂದಿರಿದ್ದರು, ಅವರ ಜೊತೆ ಅಳುವ ಹಸುಗೂಸುಗಳೂ ಇದ್ದವು. ಇಂದು ನಮ್ಮ ಎಷ್ಟು ಮಸೀದಿಗಳಲ್ಲಿ ಮಗುವಿನ ಅಳು ಕೇಳಿಸುತ್ತದೆ? ತಾಯಿಯ ಮಾತಿರಲಿ, ತಂದೆಯ ಕೈ ಹಿಡಿದು ಬಂದ ಐದು ವರ್ಷದ ಹುಡುಗ ಸಾಲಿನಲ್ಲಿ ನಕ್ಕರೆ ಅವನನ್ನು ಗದರಿ ಹೊರದಬ್ಬುವ ಹಿರಿಯರಿದ್ದಾರೆ. ಮಸೀದಿಯಿಂದ ಹೀಗೆ ಹೊರದಬ್ಬಲ್ಪಟ್ಟ ಮಗು ಇಪ್ಪತ್ತರ ಪ್ರಾಯದಲ್ಲಿ ಮಸೀದಿಗೆ ಬರುವುದಿಲ್ಲವೆಂದು ಅದೇ ಹಿರಿಯರು ತಾಯಿಯನ್ನು ದೂಷಿಸುತ್ತಾರೆ.

ನಮ್ಮ ಕನ್ನಡ ನೆಲದಲ್ಲಿಯೇ ಇದಕ್ಕೆ ಒಂದು ದೊಡ್ಡ ನಿದರ್ಶನವಿದೆ. ಆದಿಲ್‌ಶಾಹಿ ಕಾಲದ ಬಿಜಾಪುರದಲ್ಲಿ ಚಿಶ್ತೀ ಸೂಫಿಗಳು ದಖ್ಖನಿ ಭಾಷೆಯಲ್ಲಿ ಚಕ್ಕೀನಾಮಾ, ಚರಖಾನಾಮಾ, ಲೋರಿನಾಮಾಗಳೆಂಬ ಹಾಡುಗಳನ್ನು ರಚಿಸಿದರು. ಚಕ್ಕೀನಾಮಾ ಎಂದರೆ ಬೀಸುಕಲ್ಲಿನ ಹಾಡು, ಚರಖಾನಾಮಾ ನೂಲುವಾಗಿನದು, ಲೋರಿನಾಮಾ ಜೋಗುಳ. ಬೀಸುಕಲ್ಲಿನ ಹಿಡಿಯನ್ನು ಅಲಿಫ್ ಅಕ್ಷರಕ್ಕೆ, ನಡುವಿನ ಗೂಟವನ್ನು ಪ್ರವಾದಿಯವರಿಗೆ(ಸ) ಹೋಲಿಸಿ, ರಾಗಿ ಜೋಳ ಬೀಸುವ ಹೆಣ್ಣುಮಗಳಿಗೆ ಅವಳ ಕೈಯಲ್ಲಿರುವ ವಸ್ತುವಿನ ಮೂಲಕವೇ ಏಕದೇವತ್ವದ ಪಾಠ ಹೇಳಲಾಗುತ್ತಿತ್ತು. ಇತಿಹಾಸಕಾರ ರಿಚರ್ಡ್ ಈಟನ್ ಈ ಹಾಡುಗಳನ್ನು ಅಧ್ಯಯನ ಮಾಡಿ 1970ರ ದಶಕದಲ್ಲಿ ಮಹತ್ವದ ಅಭಿಪ್ರಾಯವೊಂದನ್ನು ಮುಂದಿಟ್ಟರು. ದಖ್ಖನಿನಲ್ಲಿ ಇಸ್ಲಾಮ್ ಜನಸಾಮಾನ್ಯರ ಮನೆಗಳಲ್ಲಿ ನೆಲೆಯೂರಿದ್ದು ಖಡ್ಗದಿಂದಾಗಲಿ, ಸೂಫಿಗಳ ಗಹನ ಗ್ರಂಥಗಳಿಂದಾಗಲಿ ಅಲ್ಲ. ಈ ಹಾಡುಗಳನ್ನು ಹಾಡುತ್ತಿದ್ದ ಹೆಂಗಸರಿಂದ, ಅವರ ಮಡಿಲಲ್ಲಿ ಕೇಳುತ್ತಿದ್ದ ಮಕ್ಕಳಿಂದ.

ಆ ಹಾಡುಗಳಲ್ಲಿದ್ದ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವುಗಳಲ್ಲಿ ಕುರ್‌ಆನ್ ಮತ್ತು ಸುನ್ನತ್‌ನ ಒರೆಗಲ್ಲಿಗೆ ನಿಲ್ಲದ ಅಂಶಗಳೂ ಇದ್ದವು. ಆದರೆ ಅವರು ಅನುಸರಿಸಿದ ಕ್ರಮವನ್ನು ಗಮನಿಸಬೇಕು. ಅವರು ಹೆಣ್ಣನ್ನು ಹುಡುಕಿಕೊಂಡು ಅವಳ ಕೆಲಸದ ಜಾಗಕ್ಕೆ ಹೋದರು. ಅವಳ ಭಾಷೆಯಲ್ಲಿ ಮಾತನಾಡಿದರು. ಅವಳ ದುಡಿಮೆಯ ಸಮಯವನ್ನೇ ಪಾಠದ ಸಮಯವಾಗಿಸಿದರು. ಬೀಸುಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದಾಗ ಹಾಡು ನಿಂತಿತು. ಅದರ ಜಾಗಕ್ಕೆ ಹೆಚ್ಚು ಶುದ್ಧವಾದ, ಹೆಚ್ಚು ಸ್ಪಷ್ಟವಾದ ಇನ್ನೊಂದನ್ನು ತರಬೇಕಾಗಿದ್ದವರು ಸುಧಾರಕರು. ಹಳೆಯದನ್ನು ತಪ್ಪೆಂದು ಹೇಳುವುದರಲ್ಲಿ ತೋರಿದ ಉತ್ಸಾಹವನ್ನು ಹೊಸದನ್ನು ಕೊಡುವುದರಲ್ಲಿ ಎಲ್ಲರೂ ತೋರಲಿಲ್ಲ. ಬರಿದಾದ ಜಾಗಕ್ಕೆ ಮೊದಲು ರೇಡಿಯೋ, ಬಳಿಕ ದೂರದರ್ಶನದ ಧಾರಾವಾಹಿಗಳು, ಈಗ ಮೊಬೈಲ್ ಬಂದು ಕುಳಿತಿವೆ.

ಬಾಯಿಂದ ಬಾಯಿಗೆ ಹರಿಯುವ ವಿದ್ಯೆಯ ಬಲ ಎಷ್ಟೆಂದು ಚಾಮರಾಜನಗರದ ಜನರಿಗೆ ವಿವರಿಸಬೇಕಾಗಿಲ್ಲ. ಮಲೆ ಮಹದೇಶ್ವರ, ಮಂಟೇಸ್ವಾಮಿಯರ ಮಹಾಕಾವ್ಯಗಳು ಕಂಸಾಳೆಯವರ, ನೀಲಗಾರರ ನಾಲಗೆಯ ಮೇಲೆಯೇ ಶತಮಾನಗಳನ್ನು ದಾಟಿ ಬಂದವು. ಅಕ್ಷರ ಕಲಿಯದ ಕಲಾವಿದರು ರಾತ್ರಿಯಿಡೀ ಹಾಡುವಷ್ಟನ್ನು ಮಕ್ಕಳಿಗೆ ಒಪ್ಪಿಸಿ ಹೋದರು. ಆದರೆ ಅವರಿಗೆ ಗುರು ಇದ್ದ, ಅಭ್ಯಾಸವಿತ್ತು, ಕೇಳುವ ಊರಿತ್ತು. ಇವುಗಳಲ್ಲಿ ಒಂದೂ ಇಲ್ಲದೆ, ನಮ್ಮ ತಾಯಂದಿರು ಧರ್ಮವನ್ನು ತಮ್ಮಷ್ಟಕ್ಕೇ ಹೇಗೋ ದಾಟಿಸಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ.

ಜಗತ್ತಿನ ಇತರೆಡೆಗಳಲ್ಲೂ ಸಮುದಾಯ ಸಂಕಟಕ್ಕೆ ಸಿಲುಕಿದಾಗ ಧರ್ಮವನ್ನು ಉಳಿಸಿದವರು ಹೆಂಗಸರೇ. 1492ರಲ್ಲಿ ಗ್ರಾನಡಾ ಪತನವಾದ ಬಳಿಕ ಸ್ಪೇನಿನ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸಲಾಯಿತು. ಮಸೀದಿಗಳು ಹೋದವು; 1567ರ ರಾಜಾಜ್ಞೆಯೊಂದಿಗೆ ಗ್ರಾನಡಾದಲ್ಲಿ ಅರಬಿ ಭಾಷೆಯೂ ನಿಷೇಧಕ್ಕೊಳಗಾಯಿತು. ಆದರೂ 1609ರಿಂದ 1614ರ ನಡುವೆ ಅವರನ್ನು ದೇಶದಿಂದಲೇ ಹೊರಹಾಕುವವರೆಗೆ ಎಷ್ಟೋ ಮನೆಗಳಲ್ಲಿ ಉಪವಾಸ, ಪ್ರಾರ್ಥನೆಗಳು ಗುಟ್ಟಾಗಿ ಉಳಿದುಕೊಂಡವು. ಅದನ್ನು ಮಕ್ಕಳಿಗೆ ಕಲಿಸಿದ ಆರೋಪದಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯದ ಮುಂದೆ ನಿಂತವರಲ್ಲಿ ತಾಯಂದಿರು, ಅಜ್ಜಿಯಂದಿರು ಇದ್ದರು. ಚೀನಾದ ಹ್ವೇ ಮುಸ್ಲಿಮರು ಬೇರೊಂದು ದಾರಿ ಹಿಡಿದರು. ಅಲ್ಪಸಂಖ್ಯಾತರಾಗಿ ಕರಗಿಹೋಗುವ ಭಯ ಎದುರಾದಾಗ ಅವರು ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಪಾಠಶಾಲೆಗಳನ್ನು, ಬಳಿಕ ಮಹಿಳೆಯರೇ ನಡೆಸುವ ಮಸೀದಿಗಳನ್ನು ಕಟ್ಟಿದರು. ಕೈಫೆಂಗ್ ನಗರದ ಅಂತಹ ಮಹಿಳಾ ಮಸೀದಿಯೊಂದರ ಇತಿಹಾಸ 1820ಕ್ಕೆ ಹೋಗುತ್ತದೆ. ಅಲ್ಲಿ ಹೆಣ್ಣಿಗೆ ಬುದ್ಧಿವಾದ ಹೇಳಿ ಸುಮ್ಮನಾಗಲಿಲ್ಲ. ಕಟ್ಟಡ ಕಟ್ಟಿದರು, ಶಿಕ್ಷಕಿಯರನ್ನು ತಯಾರು ಮಾಡಿದರು.

ನಮ್ಮ ದೇಶದಲ್ಲಿಯೇ ಅಲಿ ಸಹೋದರರ ತಾಯಿ ಬೀ ಅಮ್ಮಾ ಇದ್ದರು. ಚಿಕ್ಕ ಪ್ರಾಯದಲ್ಲೇ ವಿಧವೆಯಾದ ಅವರು ಬಂಧುಗಳ ವಿರೋಧವನ್ನು ಲೆಕ್ಕಿಸದೆ ಒಡವೆಗಳನ್ನು ಒತ್ತೆಯಿಟ್ಟು ಮಕ್ಕಳಿಗೆ ಆಧುನಿಕ ಶಿಕ್ಷಣ ಕೊಡಿಸಿದರು. ಮಕ್ಕಳು ಸೆರೆಮನೆಯಲ್ಲಿದ್ದಾಗ ಬುರ್ಖಾದಲ್ಲಿಯೇ ಸಾರ್ವಜನಿಕ ವೇದಿಕೆಯೇರಿ ದೇಶವನ್ನು ಸುತ್ತಿದರು. 1924ರಲ್ಲಿ ತೀರಿಕೊಂಡ ಆ ತಾಯಿಗೆ ಧರ್ಮನಿಷ್ಠೆ ಬೇರೆ, ಆಧುನಿಕ ಶಿಕ್ಷಣ ಬೇರೆ, ಸ್ವಾತಂತ್ರ್ಯ ಹೋರಾಟ ಬೇರೆ ಆಗಿರಲಿಲ್ಲ. ಕಲಿತ ಹೆಣ್ಣು ಧರ್ಮ ಬಿಡುತ್ತಾಳೆಂದು ಈಗಲೂ ಗೊಣಗುವವರು ಅವರ ಬದುಕನ್ನು ಒಮ್ಮೆ ಓದಬೇಕು.

ಇನ್ನು ಭಾಷೆಯ ಪ್ರಶ್ನೆ. ಇದರ ಬಗ್ಗೆ ನಮ್ಮವರು ಮಾತನಾಡಲು ಹಿಂಜರಿಯುತ್ತಾರೆ. ಹಳೆ ಮೈಸೂರು ಸೀಮೆಯ ಹೆಚ್ಚಿನ ಮುಸ್ಲಿಮ್ ಮನೆಗಳಲ್ಲಿ ಆಡುವುದು ದಖ್ಖನಿ. ಮಗು ಓದುವುದು ಕನ್ನಡ ಅಥವಾ ಇಂಗ್ಲಿಷ್. ನಮಾಝ್‌ನಲ್ಲಿ ಪಠಿಸುವುದು ಅರಬಿ. ಪ್ರವಚನ ಕೇಳಿಸುವುದು ಪುಸ್ತಕದ ಉರ್ದುವಿನಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಹಿಳೆಯರಿಗೆಂದೇ ಬಿಹಿಶ್ತೀ ಝೇವರ್ ಎಂಬ ಬೃಹತ್ ಗ್ರಂಥ ಬರೆದರು. ಮದುಮಗಳಿಗೆ ಅದನ್ನು ಉಡುಗೊರೆಯಾಗಿ ಕೊಡುವ ಪದ್ಧತಿಯೂ ಬೆಳೆಯಿತು. ಅದರ ಎಲ್ಲ ಅಭಿಪ್ರಾಯಗಳೊಂದಿಗೆ ಸಹಮತವಿರಲಿ ಬಿಡಲಿ, ಮನೆಯೊಳಗಿನ ಹೆಣ್ಣಿಗೂ ಧರ್ಮದ ಜ್ಞಾನ ಬೇಕೆಂದು ಅದು ಒಪ್ಪಿಕೊಂಡಿತ್ತು. ಆದರೆ ಕನ್ನಡ ಶಾಲೆಯಲ್ಲಿ ಓದಿದ ಇಂದಿನ ಮದುಮಗಳಿಗೆ ಉರ್ದು ಲಿಪಿ ಬಾರದು. ಉಡುಗೊರೆಯ ಪುಸ್ತಕ ಬಟ್ಟೆ ಸುತ್ತಿ ಕಪಾಟಿನ ಮೇಲೇರುತ್ತದೆ. ಅವಳ ಮಗು ಅಲ್ಲಾಹನು ಕಾಣುವುದಿಲ್ಲವೇಕೆ, ಸತ್ತ ಅಜ್ಜ ಎಲ್ಲಿ ಹೋದರು ಎಂದು ಕೇಳಿದಾಗ ಉತ್ತರ ಅವಳ ಕೈಗೆಟುಕದ ಎತ್ತರದಲ್ಲಿರುತ್ತದೆ.

ಕನ್ನಡದಲ್ಲಿ ಕುರ್‌ಆನ್ ಅನುವಾದಗಳಿವೆ, ಪ್ರವಾದಿ ಚರಿತ್ರೆಗಳಿವೆ, ಹದೀಸ್ ಸಂಗ್ರಹಗಳಿವೆ. ಮುದ್ರಣದಲ್ಲೂ ಇವೆ, ಮೊಬೈಲಿನಲ್ಲೂ ಲಭ್ಯವಿವೆ. ಆದರೂ ಕನ್ನಡದಲ್ಲಿ ದೀನನ್ನು ಓದಿದರೆ ಅದರ ಗೌರವ ಕುಂದುತ್ತದೆಂದು ಭಾವಿಸುವ ಮನೆಗಳು ಇನ್ನೂ ಇವೆ. ಯಾವ ಭಾಷೆಯೂ ಅಲ್ಲಾಹನಿಗೆ ಅಪರಿಚಿತವಲ್ಲ. ಪ್ರತಿಯೊಂದು ಜನಾಂಗಕ್ಕೂ ಅದರದ್ದೇ ಭಾಷೆಯಲ್ಲಿ ಸಂದೇಶವಾಹಕರನ್ನು ಕಳಿಸಲಾಯಿತೆಂದು ಕುರ್‌ಆನ್ ಸ್ವತಃ ತಿಳಿಸುತ್ತದೆ. ಉರ್ದುವನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಅದು ನಮ್ಮ ಸಂಪತ್ತು, ಮಕ್ಕಳು ಅದನ್ನೂ ಕಲಿಯಲಿ. ಆದರೆ ತಾಯಿಗೆ ಅರ್ಥವಾಗದ ಭಾಷೆಯಲ್ಲಿ ಧರ್ಮವನ್ನು ಬೀಗ ಹಾಕಿಟ್ಟು, ಅದನ್ನು ಮಗುವಿಗೆ ಹಂಚಲಿಲ್ಲವೆಂದು ಆಕೆಯನ್ನು ಜರೆಯುವುದು ನ್ಯಾಯವಲ್ಲ.

ಇದರ ಪರಿಣಾಮವನ್ನು 2022ರಲ್ಲಿ ಇಡೀ ರಾಜ್ಯ ಕಂಡಿತು. ಆ ವರ್ಷ ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ ಸ್ಕಾರ್ಫ್ ಧರಿಸಿದ ವಿದ್ಯಾರ್ಥಿನಿಯರು ಕಾಲೇಜುಗಳ ಗೇಟಿನ ಹೊರಗೆ ನಿಲ್ಲಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಲಿಯಲು ಬಂದ ಹೆಣ್ಣುಮಕ್ಕಳನ್ನು ಗೇಟಿನಲ್ಲಿ ತಡೆದುದು ಅನ್ಯಾಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಮರಾಗಳ ಮುಂದೆ ನಿಂತು ತಾನಿದನ್ನು ಏಕೆ ಧರಿಸುತ್ತೇನೆಂದು ಅಳುಕಿಲ್ಲದೆ ವಿವರಿಸಬಲ್ಲ ಹುಡುಗಿಗೂ, ಮನೆಯಲ್ಲಿ ಹೇಳಿದ್ದಾರೆ ಎಂದಷ್ಟೇ ಹೇಳಬಲ್ಲ ಹುಡುಗಿಗೂ ದೊಡ್ಡ ಅಂತರವಿದೆ. ಮೊದಲನೆಯವಳ ಮನೆಯಲ್ಲಿ ಪ್ರಶ್ನೆ ಕೇಳುವ ಅವಕಾಶವಿತ್ತು, ಉತ್ತರ ಕೊಡಬಲ್ಲ ತಾಯಿಯಿದ್ದಳು. ಎರಡನೆಯವಳಿಗೆ ಬಟ್ಟೆ ಸಿಕ್ಕಿತ್ತು, ಅದರ ಅರ್ಥ ಸಿಕ್ಕಿರಲಿಲ್ಲ. ಬಟ್ಟೆಯನ್ನು ಗೇಟಿನಲ್ಲಿ ಕಸಿಯಬಹುದು. ಅರಿತು ನಂಬಿದ್ದನ್ನು ಯಾವ ಗೇಟಿನಲ್ಲೂ ಕಸಿಯಲಾಗದು.

ಹಾಗಾದರೆ ತಂದೆ ಎಲ್ಲಿದ್ದಾನೆ? ಈ ಚರ್ಚೆಯಲ್ಲಿ ಆತನ ಹೆಸರೇ ಬರುವುದಿಲ್ಲ. ಆದರೆ ಕುರ್‌ಆನನ್ನು ತೆರೆದು ನೋಡಿದರೆ ಮಕ್ಕಳಿಗೆ ವಿಶ್ವಾಸವನ್ನು ಉಪದೇಶಿಸುವ ಪ್ರಮುಖ ದೃಶ್ಯಗಳಲ್ಲಿರುವುದು ತಂದೆಯಂದಿರೇ. ಮಗನನ್ನು ಕೂರಿಸಿಕೊಂಡು ಪ್ರೀತಿಯಿಂದ ಬುದ್ಧಿ ಹೇಳುವವರು ಲುಕ್ಮಾನ್. ಮಕ್ಕಳಿಗೆ ಧರ್ಮದ ವಸಿಯ್ಯತ್ ಮಾಡುವವರು ಇಬ್ರಾಹೀಮ್(ಅ). ಮರಣಶಯ್ಯೆಯಲ್ಲಿ, ನನ್ನ ನಂತರ ಯಾರನ್ನು ಆರಾಧಿಸುತ್ತೀರೆಂದು ಮಕ್ಕಳನ್ನು ಕೇಳುವವರು ಯಅ್‌ಕೂಬ್(ಅ). ಕುಟುಂಬವನ್ನು ನರಕಾಗ್ನಿಯಿಂದ ರಕ್ಷಿಸಬೇಕೆಂಬ ಆಜ್ಞೆ ವಿಶ್ವಾಸಿಗಳೆಲ್ಲರಿಗೂ ಬಂದದ್ದು, ತಾಯಂದಿರಿಗೆ ಮಾತ್ರವಲ್ಲ. ಮೊಮ್ಮಗಳು ಉಮಾಮಾಳನ್ನು ಹೆಗಲಲ್ಲಿ ಹೊತ್ತು ನಮಾಝ್ ನಿರ್ವಹಿಸಿದ ಪ್ರವಾದಿಯವರ(ಸ) ಸಮುದಾಯದಲ್ಲಿ ಮಗುವಿನ ಧಾರ್ಮಿಕ ತರಬೇತಿ ಹೆಂಗಸಿನ ಕೆಲಸವೆಂಬ ಮಾತು ಎಲ್ಲಿಂದ ಹುಟ್ಟಿಕೊಂಡಿತು?

ದುಡಿಮೆಯ ಒತ್ತಡ ನಮಗೆ ತಿಳಿಯದ ವಿಷಯವಲ್ಲ. 2009ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಬಂದ ಬಳಿಕ ಗೇಟು ತೆರೆಯುವವರೆಗೆ ಗುಂಡ್ಲುಪೇಟೆ ದಾರಿಯಲ್ಲಿ ಲಾರಿಯೊಳಗೇ ರಾತ್ರಿ ಕಳೆದ ತಂದೆಯಂದಿರಿದ್ದಾರೆ. ಸಂತೆಯಿಂದ ಸಂತೆಗೆ ಹೋಗುವವರು, ಗಲ್ಫ್ ದೇಶಗಳಲ್ಲಿ ದುಡಿಯುವವರು ಇದ್ದಾರೆ. ಅವರ ಬೆವರಿಗೆ ಗೌರವವಿದೆ. ಆದರೆ ಊರಿನಲ್ಲಿಯೇ ಇದ್ದು, ಇಶಾ ನಮಾಝ್ ಮುಗಿಸಿ ರಾತ್ರಿ ಹನ್ನೊಂದರವರೆಗೆ ಹೊಟೇಲಿನ ಕಟ್ಟೆಯಲ್ಲಿ ಜಗತ್ತಿನ ರಾಜಕೀಯ ಚರ್ಚಿಸಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವವರ ಬಗ್ಗೆ ಏನು ಹೇಳೋಣ? ತಾಯಿಯೂ ಕೆಲವೆಡೆ ದುಡಿಯುತ್ತಾಳೆ. ಕೊಳ್ಳೇಗಾಲ, ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಬಿಚ್ಚಾಣಿಕೆ ಘಟಕಗಳ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಮನೆಗೆ ಮರಳುವ ಹೆಣ್ಣಿಗೆ ದಣಿವಿಲ್ಲವೇ?

ಧರ್ಮವನ್ನು ಮಗು ಉಪದೇಶದಿಂದಷ್ಟೇ ಕಲಿಯುವುದಿಲ್ಲ. ಮನೆಯಲ್ಲಿ ನಡೆಯುವ ನ್ಯಾಯ ಅನ್ಯಾಯಗಳಿಂದ ಕಲಿಯುತ್ತದೆ. ಬಾನು ಮುಷ್ತಾಕ್‌ರ ಕರಿನಾಗರಗಳು ಕತೆಯಲ್ಲಿ ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ತೊರೆದ ತಾಯಿಯೊಬ್ಬಳು ಮಕ್ಕಳೊಂದಿಗೆ ನ್ಯಾಯ ಕೇಳಲು ಮಸೀದಿಯ ಅಂಗಳಕ್ಕೆ ಬರುತ್ತಾಳೆ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರು ಅದನ್ನು ಹಸೀನಾ ಎಂಬ ಚಿತ್ರವಾಗಿಸಿದರು. 2025ರ ಮೇ ತಿಂಗಳಲ್ಲಿ ಅದೇ ಲೇಖಕಿಯ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮವರೂ ಹೆಮ್ಮೆಪಟ್ಟರು. ಲೇಖಕಿಯ ಎಲ್ಲ ನಿಲುವುಗಳನ್ನು ಒಪ್ಪದವರೂ ಆ ಕತೆ ಎತ್ತಿದ ಪ್ರಶ್ನೆಗೆ ಉತ್ತರಿಸಬೇಕು. ಅಂಗಳದಲ್ಲಿ ಕುಳಿತ ತಾಯಿಗೆ ಬಾಗಿಲು ತೆರೆಯದಿದ್ದರೆ ಆಕೆಯ ಮಡಿಲಲ್ಲಿರುವ ಮಗು ಧರ್ಮದ ಬಗ್ಗೆ ಏನು ಕಲಿಯುತ್ತದೆ? ತಾಯಿಗೆ ಹಕ್ಕಿನ ಮಹ್ರ್ ಕೊಡದೆ ಅಜ್ಜನಿಂದ ವರದಕ್ಷಿಣೆ ವಸೂಲು ಮಾಡಿದ ಮನೆಯಲ್ಲಿ ಬೆಳೆದ ಹುಡುಗ, ಇಸ್ಲಾಮ್ ಹೆಣ್ಣಿಗೆ ಕೊಟ್ಟ ಗೌರವದ ಭಾಷಣವನ್ನು ಹೇಗೆ ನಂಬುತ್ತಾನೆ?

ತಾಯಂದಿರೊಂದಿಗೂ ಮಾತನಾಡಬೇಕಾಗಿದೆ. ಟ್ಯೂಷನ್ನಿಗೆಂದು ಮಗುವನ್ನು ಬೆಳಗಿನ ಐದಕ್ಕೆ ಎಬ್ಬಿಸುವ ತಾಯಿ, ಫಜ್ರ್ ನಮಾಝ್‌ಗೆ ಎಬ್ಬಿಸಲು ಮಗುವಿನ ನಿದ್ದೆಯನ್ನು ಕಂಡು ಕನಿಕರಪಡುತ್ತಾಳೆ. ಅಂಕ ಎರಡು ಕಡಿಮೆಯಾದರೆ ಊಟ ಬಿಡುವವಳು ಮಗು ಸುಳ್ಳು ಹೇಳಿದರೆ ನಕ್ಕು ಬಿಡುತ್ತಾಳೆ. ಅಳುವ ಕೂಸಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವುದು ಅಭ್ಯಾಸವಾಗಿದೆ. ಅಕ್ಷರವಿಲ್ಲ ಎಂಬ ನೆಪ ಇಲ್ಲಿ ಸಲ್ಲದು. ಪ್ರಾಮಾಣಿಕತೆ, ಶುಚಿತ್ವ, ನೆರೆಯವನ ಹಕ್ಕು, ಬಡವನಿಗೆ ಒಂದು ತುತ್ತು, ಊಟಕ್ಕೆ ಮುನ್ನ ಅಲ್ಲಾಹನ ನಾಮಸ್ಮರಣೆ ಇವನ್ನು ಕಲಿಸಲು ಪದವಿ ಬೇಕಾಗಿಲ್ಲ. ತಿಳಿಯದ್ದನ್ನು ಕೇಳಿ ತಿಳಿಯುವುದಕ್ಕೆ ನಾಚಿಕೆಯೂ ಬೇಕಾಗಿಲ್ಲ. ಧರ್ಮವನ್ನು ಅರಿಯಲು ನಾಚಿಕೆ ಅಡ್ಡಬರಲಿಲ್ಲವೆಂದೇ ಆಯಿಶಾ(ರ) ಅನ್ಸಾರೀ ಮಹಿಳೆಯರನ್ನು ಮೆಚ್ಚಿದ್ದರು.

ಮಹಿಳೆಯರು ಮಸೀದಿಗೆ ಬಂದರೆ ಫಿತ್ನ ಉಂಟಾಗುತ್ತದೆ ಎಂಬ ಆಕ್ಷೇಪ ಕೂಡಲೇ ಎದ್ದುಬರುತ್ತದೆ. ಮಹಿಳೆಯರ ಮಸೀದಿ ಪ್ರವೇಶಕ್ಕೆ ಇಸ್ಲಾಮಿನಲ್ಲಿ ಅನುಮತಿಯಿದೆಯೆಂದು 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಮ್ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿದೆ. ನ್ಯಾಯಾಲಯದಲ್ಲಿ ಅನುಮತಿಯಿದೆಯೆಂದು ಹೇಳಿ ಊರಿನಲ್ಲಿ ಜಾಗವಿಲ್ಲವೆನ್ನುವುದು ಯಾವ ನೀತಿ? ಮಾರುಕಟ್ಟೆಗೆ, ಬಸ್ ನಿಲ್ದಾಣಕ್ಕೆ, ಶಾದಿಮಹಲ್‌ಗೆ, ದರ್ಗಾದ ಉರೂಸ್‌ಗೆ ಹೋಗುವಾಗ ಇಲ್ಲದ ಫಿತ್ನ ಅಲ್ಲಾಹನ ಭವನದ ಬಾಗಿಲಲ್ಲಿ ಮಾತ್ರ ಕಾಣಿಸಿಕೊಳ್ಳುವುದು ವಿಚಿತ್ರ.

ಆದ್ದರಿಂದ ಭಾಷಣ ಸಾಕು, ಕೆಲಸ ಬೇಕು. ಪ್ರತಿಯೊಂದು ಜಮಾಅತ್ ವಾರದಲ್ಲಿ ಒಂದು ದಿನವನ್ನು ತಾಯಂದಿರ ತರಗತಿಗೆ ಮೀಸಲಿಡಲಿ. ಆ ತರಗತಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಬಿಡುವಿನ ಹೊತ್ತಿನಲ್ಲಿ, ಸಾಧ್ಯವಿದ್ದಲ್ಲಿ ಶಿಕ್ಷಕಿಯರಿಂದಲೇ ನಡೆಯಲಿ. ಹೊಸ ಮಿನಾರ, ಬಣ್ಣದ ದೀಪ, ಅಮೃತಶಿ಼ಲೆಯ ನೆಲಹಾಸಿಗೆ ಸಂಗ್ರಹವಾಗುವ ಹಣದಲ್ಲಿ ಒಂದು ಪಾಲನ್ನು ಮಹಿಳೆಯರ ಕೋಣೆಗೆ, ಕನ್ನಡ ಮತ್ತು ಉರ್ದು ಪುಸ್ತಕಗಳ ಕಪಾಟಿಗೆ ಕೊಡಲಿ. ಪಟ್ಟಣದ ಜಮಾಅತ್‌ಗಳು ಸುತ್ತಲಿನ ಹಳ್ಳಿಗಳ ಒಂಟಿ ಮನೆಗಳನ್ನು ಪಟ್ಟಿ ಮಾಡಿ, ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಶಿಕ್ಷಕಿಯೊಬ್ಬರನ್ನು ಕಳಿಸಲಿ. ನಿಕಾಹ್‌ಗೆ ಮುನ್ನ ವಧುವಿನಂತೆಯೇ ವರನಿಗೂ ಮಕ್ಕಳ ಪಾಲನೆಯ ಪಾಠ ಕಡ್ಡಾಯವಾಗಲಿ. ತಂದೆ ದಿನದ ಒಂದು ಊಟವನ್ನು ಮಕ್ಕಳೊಂದಿಗೆ ಮಾಡಲಿ, ಒಂದು ನಮಾಝನ್ನು ಅವರೊಂದಿಗೆ ನಿರ್ವಹಿಸಲಿ. ಹೆಂಡತಿಯ ಹಕ್ಕು ಕಸಿದವನ ವಿರುದ್ಧ ಮುತವಲ್ಲಿಗಳು ಅವನ ಅಂತಸ್ತು ನೋಡದೆ ತೀರ್ಪು ಕೊಡಲಿ.

ಇವುಗಳಿಗೆ ಸರಕಾರದ ಅನುದಾನ ಬೇಕಾಗಿಲ್ಲ, ಯಾರ ಅನುಮತಿಯೂ ಬೇಕಾಗಿಲ್ಲ. ಬೇಕಾಗಿರುವುದು ಸಮುದಾಯದ ಹಿರಿಯರ ಇಚ್ಛಾಶಕ್ತಿ. ಮುಂದಿನ ಸಲ ಮಕ್ಕಳು ದಾರಿ ತಪ್ಪುತ್ತಿದ್ದಾರೆಂಬ ವಿಷಯ ಜಮಾಅತ್ ಸಭೆಯಲ್ಲಿ ಬಂದಾಗ, ಮೊದಲು ತಾಯಂದಿರನ್ನೂ ಆ ಸಭೆಗೆ ಕರೆಯಲಿ. ಅವರು ಏನು ಹೇಳುತ್ತಾರೆಂದು ಕೇಳಲಿ. ಅವರ ಮಾತು ಕಹಿಯಾಗಿರಬಹುದು. ಆದರೆ ಆ ಮಾತನ್ನು ಕೇಳದೆ ಕೈಗೊಂಡ ಯಾವ ನಿರ್ಣಯದಿಂದಲೂ ಒಂದೇ ಒಂದು ಮಗುವಿನ ಎದೆಯಲ್ಲಿ ವಿಶ್ವಾಸ ಚಿಗುರದು.